ಯಾವ ಮಾನವನ ಪ್ರೋಟೀನು? ‘ರಿಕಾಂಬಿನೆಂಟ್ ಹ್ಯೂಮನ್ ಇಂಟರ್‌ಲ್ಯೂಕಿನ್-2’ ಎಂಬ ಪದಪುಂಜದ ವಿಗ್ರಹ ಮತ್ತು ಕನ್ನಡೀಕರಣ

ಸಾರಾಂಶ

ಪ್ರಯೋಗಾಲಯದ ಸಂಶೋಧನೆಗಾಗಿ ತಯಾರಾಗುವ ಒಂದು ರೋಗರಕ್ಷಣಾ ಪ್ರೋಟೀನಿನ ಸೀಸೆಯ ಮೇಲಿರುವ ‘ರಿಕಾಂಬಿನೆಂಟ್ ಹ್ಯೂಮನ್ ಇಂಟರ್‌ಲ್ಯೂಕಿನ್-2’ ಎಂಬ ಹೆಸರನ್ನೂ ಅದರೊಡನೆ ಬರುವ ಬಳಕೆಯ ನಿರ್ಬಂಧವನ್ನೂ ಈ ಲೇಖನವು ಪಠ್ಯವೆಂದು ಭಾವಿಸಿ ವಿಮರ್ಶಿಸುತ್ತದೆ. ಇಂಗ್ಲಿಷಿನ ಈ ಪದಪುಂಜದಲ್ಲಿ ವಿಶೇಷಣಗಳಿಗೂ ವಿಶೇಷ್ಯಕ್ಕೂ ಇರುವ ಸಂಬಂಧಗಳು ಬಾಯಿಬಿಟ್ಟು ಹೇಳಲ್ಪಟ್ಟಿಲ್ಲ. ಕನ್ನಡದ ವಿಭಕ್ತಿ ಮತ್ತು ಕೃದಂತಗಳು ಅನುವಾದಕನನ್ನು ಆ ಸಂಬಂಧಗಳನ್ನು ಹೇಳುವಂತೆ ಒತ್ತಾಯಿಸುತ್ತವೆ. ಆಗ ತಪ್ಪಾಗುವ ಸಂಭವವೂ ಹೆಚ್ಚು, ಮೂಲಕ್ಕಿಂತ ಸ್ಪಷ್ಟವಾಗುವ ಅವಕಾಶವೂ ಹೆಚ್ಚು. ವಸ್ತುವಿನ ಹೆಸರನ್ನು ಎರವಲು ಪಡೆದು, ಸಂಬಂಧವನ್ನು ಮಾತ್ರ ಕನ್ನಡದಲ್ಲಿ ಬಿಡಿಸಿ ಹೇಳುವುದು ಇಂತಹ ಪದಪುಂಜಗಳಿಗೆ ಸರಿಯಾದ ಮಾರ್ಗವೆಂಬುದು ಇಲ್ಲಿನ ವಾದ.

ಪ್ರಮುಖ ಪದಗಳು: ಪಾರಿಭಾಷಿಕ ಪದರಚನೆ, ಸಮಾಸ, ವಿಗ್ರಹವಾಕ್ಯ, ವಿಶೇಷಣವಿಪರ್ಯಯ, ಸಂಕೇತ, ಇಂಟರ್‌ಲ್ಯೂಕಿನ್

1. ಪ್ರಸ್ತಾವನೆ

ಜೀವವಿಜ್ಞಾನದ ಪ್ರಯೋಗಾಲಯಗಳ ಫ್ರೀಜರಿನಲ್ಲಿ ಬೆರಳುದ್ದದ ಸೀಸೆಗಳು ಸಾಲಾಗಿರುತ್ತವೆ. ಒಳಗಿರುವುದು ಕಣ್ಣಿಗೆ ಕಂಡೂ ಕಾಣದಷ್ಟು ಬಿಳಿಯ ಒಣಪುಡಿ. ಅದು ಏನೆಂದು ಹೇಳುವ ಹೊಣೆ ಸಂಪೂರ್ಣವಾಗಿ ಹೊರಗಿನ ಚೀಟಿಯದು. ವಸ್ತುವನ್ನು ನೋಡಿಯೋ ಮೂಸಿಯೋ ಗುರುತಿಸಲಾಗದ ಕಡೆ ಹೆಸರೇ ವಸ್ತುವಿನ ಏಕೈಕ ಸಾಕ್ಷಿಯಾಗುತ್ತದೆ. ಹೀಗಿರುವಾಗ ಆ ಹೆಸರು ಏನನ್ನು ಹೇಳುತ್ತದೆ, ಏನನ್ನು ಹೇಳಿದಂತೆ ತೋರಿಸುತ್ತದೆ, ಏನನ್ನು ಹೇಳದೆ ಬಿಡುತ್ತದೆ ಎಂಬ ಪ್ರಶ್ನೆಗಳು ಭಾಷಾವಿಜ್ಞಾನದ ವ್ಯಾಪ್ತಿಗೆ ಸೇರಿದವು.

ಪಾರಿಭಾಷಿಕ ಪದಗಳ ಬಗೆಗೆ ಕನ್ನಡದಲ್ಲಿ ನಡೆದಿರುವ ಚರ್ಚೆಯು ಬಹುಮಟ್ಟಿಗೆ ಬಿಡಿಪದಗಳ ಸುತ್ತಲೇ ಸುತ್ತಿದೆ. ಸಂಸ್ಕೃತದಿಂದ ಪದ ಕಟ್ಟಬೇಕೇ, ಕನ್ನಡದ ಧಾತುಗಳಿಂದ ಕಟ್ಟಬೇಕೇ, ಇಂಗ್ಲಿಷಿನದನ್ನೇ ಇಟ್ಟುಕೊಳ್ಳಬೇಕೇ ಎಂಬುದೇ ಅದರ ಮುಖ್ಯ ವಿಷಯ. ಆದರೆ ವಿಜ್ಞಾನದ ಬರವಣಿಗೆಯಲ್ಲಿ ನಮಗೆ ಎದುರಾಗುವುದು ಬಿಡಿಪದವಲ್ಲ, ಪದಪುಂಜ. ಪುಂಜದ ಪ್ರತಿಯೊಂದು ಪದಕ್ಕೂ ನಿರ್ದೋಷವಾದ ಸಮಾನಪದ ದೊರೆತ ಮೇಲೂ ಪುಂಜದ ಅನುವಾದ ಸುಳ್ಳಾಗಬಹುದು. ಪದಗಳ ನಡುವಿನ ಸಂಬಂಧವು ಯಾವ ಪದಕೋಶದಲ್ಲಿಯೂ ಇರುವುದಿಲ್ಲ.

ನಮ್ಮ ವ್ಯಾಕರಣ ಪರಂಪರೆಯಲ್ಲಿ ಈ ಸಂಬಂಧವನ್ನು ಪರೀಕ್ಷಿಸಲು ಒಂದು ಹಳೆಯ ಉಪಕರಣವಿದೆ. ಸಮಸ್ತಪದವನ್ನು ಬಿಡಿಸಿ, ಲೋಪವಾದ ವಿಭಕ್ತಿಯನ್ನೋ ಪದವನ್ನೋ ಮರಳಿ ತಂದು ಹೇಳುವ ವಿಗ್ರಹವಾಕ್ಯವೇ ಅದು. ಶಾಲೆಯ ಅಭ್ಯಾಸವೆಂದು ನಾವು ಮರೆತುಬಿಟ್ಟಿರುವ ಈ ಉಪಕರಣವನ್ನು ಸೀಸೆಯ ಚೀಟಿಗೆ ಅನ್ವಯಿಸುವುದು ಪ್ರಸ್ತುತ ಲೇಖನದ ಉದ್ದೇಶ.

2. ವಸ್ತುವಿನ ಪರಿಚಯ

ಇಂಟರ್‌ಲ್ಯೂಕಿನ್-2 ಎಂಬುದು 133 ಅಮೈನೊ ಆಮ್ಲಗಳ ಒಂದು ಚಿಕ್ಕ ಪ್ರೋಟೀನು. ಬಿಳಿರಕ್ತಕಣಗಳಲ್ಲಿ ಟಿ ಕೋಶಗಳೆಂಬ ವರ್ಗವು ಪ್ರಚೋದನೆಗೊಂಡಾಗ ಇದನ್ನು ಸ್ರವಿಸುತ್ತದೆ. ತನ್ನ ಮೇಲೆಯೇ ಅಥವಾ ನೆರೆಯ ಕೋಶಗಳ ಮೇಲೆ ಇರುವ ಗ್ರಾಹಕಕ್ಕೆ ಅದು ಅಂಟಿಕೊಂಡಾಗ ಆ ಕೋಶಗಳ ವರ್ತನೆ ಬದಲಾಗುತ್ತದೆ. ಇಂತಹ ಪ್ರೋಟೀನುಗಳ ಸಾಮಾನ್ಯ ನಾಮ ಸೈಟೋಕೈನ್.

1976ರಲ್ಲಿ ಡೋರಿಸ್ ಮಾರ್ಗನ್, ಫ್ರಾನ್ಸಿಸ್ ರುಸೆಟ್ಟಿ ಮತ್ತು ರಾಬರ್ಟ್ ಗ್ಯಾಲೊ ಅವರು ಮನುಷ್ಯರ ಟಿ ಕೋಶಗಳನ್ನು ದೇಹದ ಹೊರಗೆ ದೀರ್ಘಕಾಲ ಬೆಳೆಸಲು ನೆರವಾಗುವ ದ್ರವವೊಂದನ್ನು ವರದಿ ಮಾಡಿದರು. ಅದರೊಳಗಿದ್ದ ವಸ್ತುವನ್ನು ಆಗ ಟಿ ಕೋಶಗಳ ಬೆಳವಣಿಗೆಯ ಅಂಶವೆಂದು ಕರೆಯಲಾಯಿತು. 1983ರಲ್ಲಿ ತಾದಾತ್ಸುಗು ತಾನಿಗುಚಿ ಮತ್ತು ಸಂಗಡಿಗರು ಅದರ ಜೀನಿನ ಪ್ರತಿಯನ್ನು ಪಡೆದು ಅನುಕ್ರಮವನ್ನು ಪ್ರಕಟಿಸಿದರು. ಮರುವರ್ಷ, ಸ್ಟೀವನ್ ರೋಸೆನ್‌ಬರ್ಗ್ ಮತ್ತು ಸಂಗಡಿಗರು ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿದ ಲೇಖನದ ಶೀರ್ಷಿಕೆಯಲ್ಲಿ ನಮ್ಮ ಪದಪುಂಜವು ಇಡಿಯಾಗಿ ಕಾಣಿಸುತ್ತದೆ. ಗಮನಾರ್ಹವೆಂದರೆ, ಆ ಶೀರ್ಷಿಕೆಯು ಪ್ರೋಟೀನು ಇ. ಕೋಲೈ ಬ್ಯಾಕ್ಟೀರಿಯದಲ್ಲಿ ತಯಾರಾದದ್ದೆಂಬುದನ್ನೂ ಹೇಳುತ್ತದೆ. ಹೆಸರೊಂದೇ ಸಾಲದೆಂದು ಆ ಲೇಖಕರಿಗೆ ಅನ್ನಿಸಿರಬೇಕು. ಸೀಸೆಯ ಮೇಲಿನ ದೊಡ್ಡಕ್ಷರದ ಹೆಸರಿಗೆ ಬರುವಷ್ಟರಲ್ಲಿ ಆ ವಿವರಣೆ ಉದುರಿ, ಪುಂಜ ಮಾತ್ರ ಉಳಿಯುತ್ತದೆ.

3. ‘ರಿಕಾಂಬಿನೆಂಟ್’: ಮರುಜೋಡಣೆಯಾದದ್ದು ಯಾವುದು?

ವ್ಯಾಕರಣದ ಪ್ರಕಾರ ಇಲ್ಲಿ ‘ರಿಕಾಂಬಿನೆಂಟ್’ ಎಂಬುದು ಪ್ರೋಟೀನಿನ ವಿಶೇಷಣ. ವಸ್ತುಸ್ಥಿತಿಯಲ್ಲಿ ಮರುಜೋಡಣೆಯಾದದ್ದು ಪ್ರೋಟೀನಲ್ಲ, ಡಿಎನ್‌ಎ. ಮಾನವ ಜೀನಿನ ಪ್ರತಿಯನ್ನು ವಾಹಕವಾದ ಇನ್ನೊಂದು ಡಿಎನ್‌ಎ ತುಣುಕಿಗೆ ಸೇರಿಸಿ, ಅದನ್ನು ಬ್ಯಾಕ್ಟೀರಿಯದೊಳಗೆ ಇಡುತ್ತಾರೆ. ಬ್ಯಾಕ್ಟೀರಿಯವು ಬೆಳೆಯುತ್ತ ಪ್ರೋಟೀನನ್ನು ತಯಾರಿಸುತ್ತದೆ. ಪ್ರೋಟೀನಿನ ಸರಪಣಿಯನ್ನು ಯಾರೂ ಕತ್ತರಿಸಿ ಜೋಡಿಸಿಲ್ಲ. ಕಾರಣದ ಗುಣವನ್ನು ಕಾರ್ಯಕ್ಕೆ ಆರೋಪಿಸಿದ ಈ ಪ್ರಯೋಗವನ್ನು ವಿಶೇಷಣವಿಪರ್ಯಯವೆನ್ನಬಹುದು. ‘ನಿದ್ದೆಯಿಲ್ಲದ ರಾತ್ರಿ’ ಎಂದಾಗ ನಿದ್ದೆಗೆಟ್ಟದ್ದು ರಾತ್ರಿಯಲ್ಲವಷ್ಟೆ.

ಕನ್ನಡಕ್ಕೂ ವಿಪರ್ಯಯ ಒಗ್ಗುತ್ತದೆಯೆಂಬುದನ್ನು ಇದೇ ಉದಾಹರಣೆ ತೋರಿಸುತ್ತದೆ. ಆದ್ದರಿಂದ ದೋಷವು ವಿಪರ್ಯಯದಲ್ಲಿಲ್ಲ. ಅನುವಾದಕ್ಕೆ ನಾವು ಆರಿಸುವ ರೂಪದಲ್ಲಿದೆ. ‘ಪುನಸ್ಸಂಯೋಜಿತ ಪ್ರೋಟೀನು’, ‘ಮರುಸಂಯೋಜಿತ ಪ್ರೋಟೀನು’ ಎಂಬ ರೂಪಗಳನ್ನು ಪರಿಶೀಲಿಸೋಣ. ‘-ಇತ’ ಎಂಬುದು ಸಂಸ್ಕೃತದ ಕರ್ಮಣಿ ಭೂತಕೃದಂತ. ಅನುವಾದಿತ ಕೃತಿ, ಮುದ್ರಿತ ಪುಸ್ತಕ, ಸಂಪಾದಿತ ಸಂಪುಟ ಎಂಬಲ್ಲೆಲ್ಲ ವಿಶೇಷ್ಯವು ಆ ಕ್ರಿಯೆಯ ಕರ್ಮ: ಅನುವಾದವಾದದ್ದು ಕೃತಿಯೇ, ಮುದ್ರಣವಾದದ್ದು ಪುಸ್ತಕವೇ. ಕನ್ನಡ ಓದುಗನಿಗೆ ಈ ಅಭ್ಯಾಸ ಗಟ್ಟಿಯಾಗಿದೆ. ಹಾಗಾಗಿ ‘ಪುನಸ್ಸಂಯೋಜಿತ ಪ್ರೋಟೀನು’ ಎಂದೊಡನೆ, ಪ್ರೋಟೀನನ್ನು ಬಿಡಿಸಿ ಮತ್ತೆ ಜೋಡಿಸಲಾಗಿದೆ ಎಂಬ ಸ್ಪಷ್ಟವಾದ, ಆದರೆ ತಪ್ಪಾದ ಅರ್ಥ ಹುಟ್ಟುತ್ತದೆ. ಇಂಗ್ಲಿಷಿನ ‘-ಅಂಟ್’ ಪ್ರತ್ಯಯವು ಲ್ಯಾಟಿನ್ನಿನ ವರ್ತಮಾನ ಕೃದಂತದಿಂದ ಬಂದದ್ದು. ಇಂದಿನ ಇಂಗ್ಲಿಷಿನಲ್ಲಿ ಅದು ಕರ್ತೃವನ್ನೂ ಕರ್ಮವನ್ನೂ ಖಚಿತವಾಗಿ ಸೂಚಿಸುವುದಿಲ್ಲ. ಅಸ್ಪಷ್ಟವಾಗಿದ್ದದ್ದು ಅನುವಾದದಲ್ಲಿ ಸ್ಪಷ್ಟವಾಗಿ ಸುಳ್ಳಾಗುವುದಕ್ಕೆ ಇದು ಒಳ್ಳೆಯ ಉದಾಹರಣೆ.

‘ಪುನಸ್ಸಂಯೋಜಿತ ಡಿಎನ್‌ಎ’ ಎಂಬ ಪ್ರಯೋಗ ನಿರ್ದುಷ್ಟ. ಅಲ್ಲಿಂದ ವಿಶೇಷಣವನ್ನು ಕಿತ್ತು ಪ್ರೋಟೀನಿಗೆ ಹಚ್ಚಿದಾಗ ಮಾತ್ರ ತೊಡಕು. ಇಂಗ್ಲಿಷಿನ ಔಷಧ ನಾಮಕರಣವೇ ಈ ತೊಡಕನ್ನು ಒಂದು ಹಂತದಲ್ಲಿ ತಿದ್ದಿಕೊಂಡಿತ್ತು. 1982ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಹ್ಯೂಮುಲಿನ್ ಎಂಬ ಇನ್ಸುಲಿನ್ನಿನ ಚೀಟಿಯಲ್ಲಿ ‘ಆರ್‌ಡಿಎನ್‌ಎ ಮೂಲದ್ದು’ ಎಂಬ ಅರ್ಥದ ಒಕ್ಕಣೆಯಿತ್ತು. ಭಾರತೀಯ ಔಷಧಕೋಶವೂ ಹೆಪಟೈಟಿಸ್-ಬಿ ಲಸಿಕೆಯ ಹೆಸರಿನೊಡನೆ ಆರ್‌ಡಿಎನ್‌ಎ ಎಂಬುದನ್ನು ಬೇರೆಯಾಗಿ ನಮೂದಿಸುತ್ತದೆ. ಮರುಜೋಡಣೆ ಯಾವುದಕ್ಕೆ ಸಂಬಂಧಿಸಿದ್ದೆಂಬುದನ್ನು ಈ ಒಕ್ಕಣೆಗಳು ಸರಿಯಾದ ಜಾಗದಲ್ಲಿ ಇಡುತ್ತವೆ.

ಕನ್ನಡದಲ್ಲಿ ಇದಕ್ಕೆ ಪಂಚಮಿಯ ಸಂಬಂಧವೇ ತಕ್ಕದ್ದು. ‘ಪುನಸ್ಸಂಯೋಜನಜನ್ಯ’ ಎಂಬ ಸಂಸ್ಕೃತ ಸಮಾಸವು ಅರ್ಥದಲ್ಲಿ ಸರಿ, ಉಚ್ಚಾರದಲ್ಲಿ ಭಾರ. ‘ಮರುಸಂಯೋಜಿತ’ ಎಂಬುದಕ್ಕೆ ಇನ್ನೊಂದು ಆಕ್ಷೇಪವೂ ಬರಬಹುದು: ಕನ್ನಡದ ‘ಮರು’ವಿನೊಡನೆ ಸಂಸ್ಕೃತದ ‘ಸಂಯೋಜಿತ’ ಸೇರಿದ ಅದು ಅರಿಸಮಾಸ. ಆದರೆ ಕೇಶಿರಾಜನ ಕಾಲದಿಂದಲೂ ರೂಢಿಗೆ ಬಂದ ಅರಿಸಮಾಸಗಳಿಗೆ ವಿನಾಯಿತಿ ಇದ್ದೇ ಇದೆ. ನನ್ನ ಆಕ್ಷೇಪ ಅದರ ಮಿಶ್ರಜಾತಿಯ ಬಗೆಗಲ್ಲ, ಅದು ಹೇಳುವ ಸಂಬಂಧದ ಬಗೆಗೆ. ‘ಮರುಜೋಡಣೆ ವಿಧಾನದ’ ಎಂಬ ಸರಳ ರೂಪವು ಕ್ರಿಯೆಯನ್ನು ಪ್ರೋಟೀನಿನ ಮೇಲೆ ಹೇರದೆ ವಿಧಾನಕ್ಕೆ ಸೇರಿಸುತ್ತದೆ. ಮೊದಲ ಸಲ ಬಳಸುವಾಗ ‘ಡಿಎನ್‌ಎ ಮರುಜೋಡಣೆ’ ಎಂದು ಪೂರ್ಣವಾಗಿ ಹೇಳಿದರೆ ಸಾಕು.

4. ‘ಹ್ಯೂಮನ್’: ಮೈಸೂರು ಪಾಕಿನ ವ್ಯಾಕರಣ

ಪುಂಜದ ಎರಡನೆಯ ಪದ ಹೆಚ್ಚು ಪರಿಚಿತವಾದದ್ದು. ಆದ್ದರಿಂದಲೇ ಹೆಚ್ಚು ಅಪಾಯಕಾರಿ. ‘ಮಾನವನ ಪ್ರೋಟೀನು’ ಎಂದು ಓದಿದ ಸಾಮಾನ್ಯ ಕನ್ನಡಿಗ ಕೇಳಬಹುದಾದ ಮೊದಲ ಪ್ರಶ್ನೆ: ಯಾವ ಮಾನವನದು? ಯಾರ ದೇಹದಿಂದ ತೆಗೆದದ್ದು? ಪ್ರಶ್ನೆ ಅಜ್ಞಾನದ್ದಲ್ಲ, ವ್ಯಾಕರಣಬದ್ಧವಾದದ್ದು. ಷಷ್ಠೀ ವಿಭಕ್ತಿಯು ಒಡೆತನವನ್ನೋ ಮೂಲವನ್ನೋ ಹೇಳುತ್ತದೆ. ಹಸುವಿನ ಹಾಲು ಹಸುವಿನಿಂದಲೇ ಬರಬೇಕು. ಸೀಸೆಯೊಳಗಿನ ಪ್ರೋಟೀನಾದರೋ ಯಾವ ಮನುಷ್ಯನ ದೇಹದಲ್ಲಿಯೂ ಇದ್ದದ್ದಲ್ಲ.

ಹಾಗಾದರೆ ‘ಹ್ಯೂಮನ್’ ಎಂಬುದು ಏನನ್ನು ಹೇಳುತ್ತದೆ? ಅಮೈನೊ ಆಮ್ಲಗಳ ಅನುಕ್ರಮವು ಮಾನವ ಜೀನನ್ನು ಅನುಸರಿಸುತ್ತದೆ ಎಂಬುದನ್ನು. ಅಂದರೆ ಇದು ಮೂಲವನ್ನಲ್ಲ, ಮಾದರಿಯನ್ನು ಹೇಳುವ ವಿಶೇಷಣ. ಈ ವ್ಯತ್ಯಾಸಕ್ಕೆ ಕನ್ನಡದಲ್ಲಿ ವ್ಯಾಕರಣದ ಬೆಂಬಲವಿದೆ. ‘ಮೈಸೂರು ಪಾಕ್’ ಮಂಗಳೂರಿನಲ್ಲಿ ತಯಾರಾದರೂ ಮೈಸೂರು ಪಾಕೇ. ‘ಮೈಸೂರಿನ ಪಾಕ್’ ಎಂದರೆ ಮಾತ್ರ ಅದು ಮೈಸೂರಿನಿಂದ ಬಂದಿರಬೇಕು. ‘ದಾವಣಗೆರೆ ಬೆಣ್ಣೆದೋಸೆ’ ಬೆಂಗಳೂರಿನ ಬೀದಿಯಲ್ಲಿ ಬೇಯುತ್ತದೆ. ‘ದಾವಣಗೆರೆಯ ಬೆಣ್ಣೆದೋಸೆ’ ತಿನ್ನಲು ದಾವಣಗೆರೆಗೇ ಹೋಗಬೇಕು. ವಿಭಕ್ತಿಯಿಲ್ಲದ ನಾಮವಿಶೇಷಣ ಬಗೆಯನ್ನೂ ಷಷ್ಠಿಯು ಮೂಲವನ್ನೂ ಸೂಚಿಸುವ ಈ ಭೇದವನ್ನು ಕನ್ನಡಿಗರು ದಿನನಿತ್ಯ ಪಾಲಿಸುತ್ತಾರೆ. ಇದರ ಪ್ರಕಾರ ‘ಮಾನವ ಇಂಟರ್‌ಲ್ಯೂಕಿನ್’ ಸರಿ, ‘ಮಾನವನ ಇಂಟರ್‌ಲ್ಯೂಕಿನ್’ ತಪ್ಪು. ಇದನ್ನು ಮಧ್ಯಮಪದಲೋಪಿ ಸಮಾಸವೆಂದು ವಿಗ್ರಹಿಸಬಹುದು: ಮಾನವ ಜೀನನ್ನು ಅನುಸರಿಸಿದ ಇಂಟರ್‌ಲ್ಯೂಕಿನ್. ವೈಯಾಕರಣರ ‘ಶಾಕಪಾರ್ಥಿವ’ದಲ್ಲಿ ತರಕಾರಿಗೂ ದೊರೆಗೂ ನಡುವೆ ಇದ್ದ ‘ಪ್ರಿಯ’ ಲೋಪವಾದಂತೆ ಇಲ್ಲಿಯೂ ನಡುಪದ ಲೋಪವಾಗಿದೆ.

ಆದರೆ ಈ ಪರಿಹಾರ ಪೂರ್ಣವಲ್ಲ. ‘ಮಾನವ’ ಎಂಬುದು ಸಂಸ್ಕೃತ ಪದವಾದ್ದರಿಂದ ‘ಮಾನವ ರಕ್ತ’, ‘ಮಾನವ ದೇಹ’ ಎಂಬಂತಹ ಸಮಾಸಗಳಲ್ಲಿ ವಿಭಕ್ತಿಯಿಲ್ಲದೆಯೂ ಮೂಲವನ್ನೇ ಸೂಚಿಸುತ್ತದೆ. ಊರಿನ ಹೆಸರುಗಳಲ್ಲಿ ಕಾಣುವ ಭೇದವು ಇಲ್ಲಿ ಅಷ್ಟು ಗಟ್ಟಿಯಾಗಿ ನಿಲ್ಲದು. ಆದ್ದರಿಂದ ಹೆಸರಿನಲ್ಲಿ ‘ಮಾನವ’ ಎಂಬ ಪ್ರಾತಿಪದಿಕವನ್ನು ಉಳಿಸಿಕೊಂಡರೂ, ತಿಳಿವಳಿಕೆಯ ಪಠ್ಯಗಳಲ್ಲಿ ಲುಪ್ತವಾದ ನಡುಪದವನ್ನು ಒಮ್ಮೆಯಾದರೂ ಮರಳಿ ತರಲೇಬೇಕು.

ಇಂಗ್ಲಿಷಿನಲ್ಲಿ ಈ ಅಸ್ಪಷ್ಟತೆ ಎಷ್ಟು ದೂರ ಹೋಗಿದೆಯೆಂಬುದಕ್ಕೆ ಇನ್ಸುಲಿನ್ನಿನ ಇತಿಹಾಸವೇ ಸಾಕ್ಷಿ. ಒಂದು ಕಾಲದಲ್ಲಿ ಔಷಧದಂಗಡಿಯಲ್ಲಿ ದನದ, ಹಂದಿಯ ಮತ್ತು ಮಾನವ ಇನ್ಸುಲಿನ್ನುಗಳು ಅಕ್ಕಪಕ್ಕದಲ್ಲಿದ್ದವು. ಮೊದಲೆರಡರಲ್ಲಿ ವಿಶೇಷಣವು ಮೂಲವನ್ನು ಹೇಳುತ್ತದೆ. ಅವು ಆಯಾ ಪ್ರಾಣಿಯ ಮೇದೋಜೀರಕ ಗ್ರಂಥಿಯಿಂದ ತೆಗೆದವು. ಮೂರನೆಯದರಲ್ಲಿ ಅದೇ ಸ್ಥಾನದ ವಿಶೇಷಣವು ಮಾದರಿಯನ್ನು ಹೇಳುತ್ತದೆ. ಒಂದೇ ಸಾಲಿನಲ್ಲಿ ನಿಂತ ಮೂರು ಪದಗಳಿಗೆ ಎರಡು ಬಗೆಯ ವಿಗ್ರಹ! ಹಂದಿಯ ಇನ್ಸುಲಿನ್ನಿಗೂ ಮಾನವ ಇನ್ಸುಲಿನ್ನಿಗೂ ಇರುವ ವ್ಯತ್ಯಾಸ ಒಂದೇ ಅಮೈನೊ ಆಮ್ಲದ್ದು. ಆ ಒಂದನ್ನು ರಾಸಾಯನಿಕವಾಗಿ ಬದಲಾಯಿಸಿ ತಯಾರಿಸಿದ ‘ಮಾನವ’ ಇನ್ಸುಲಿನ್ನೂ 1980ರ ದಶಕದಲ್ಲಿ ಮಾರುಕಟ್ಟೆಯಲ್ಲಿತ್ತು. ಅಂದರೆ ಹಂದಿಯಿಂದ ಬಂದ ಮಾನವ ಇನ್ಸುಲಿನ್. ಮೂಲ ಮತ್ತು ಮಾದರಿಯ ಭೇದವನ್ನು ಒಪ್ಪದಿದ್ದರೆ ಇದು ಬರಿಯ ಸ್ವವಿರೋಧ. 2004ರಲ್ಲಿ ಬೆಂಗಳೂರಿನ ಬಯೋಕಾನ್ ಸಂಸ್ಥೆ ಮಾರುಕಟ್ಟೆಗೆ ತಂದ ಮಾನವ ಇನ್ಸುಲಿನ್ ತಯಾರಾದದ್ದು ಪೀಕಿಯ ಎಂಬ ಯೀಸ್ಟಿನಲ್ಲಿ. ಕನ್ನಡ ನಾಡಿನ ಮಧುಮೇಹಿಗಳಿಗೆ ಈ ವಿಶೇಷಣದ ಪ್ರಶ್ನೆ ದೂರದ್ದೇನೂ ಅಲ್ಲ.

ಮತ್ತೆ ನಮ್ಮ ಸೀಸೆಗೆ ಬರೋಣ. ಮಾದರಿಯೆಂಬ ಅರ್ಥದಲ್ಲಿಯೂ ‘ಹ್ಯೂಮನ್’ ಪೂರ್ಣ ಸತ್ಯವಲ್ಲ. ಮನುಷ್ಯನ ಟಿ ಕೋಶದಿಂದ ಬಂದ ಇಂಟರ್‌ಲ್ಯೂಕಿನ್-2ರಲ್ಲಿ ಮೂರನೆಯ ಅಮೈನೊ ಆಮ್ಲಕ್ಕೆ ಸಕ್ಕರೆಯ ಅಣುಗಳು ಅಂಟಿಕೊಂಡಿರುತ್ತವೆ. ಇ. ಕೋಲೈ ಅದನ್ನು ಅಂಟಿಸಲಾರದು. ಬ್ಯಾಕ್ಟೀರಿಯದಲ್ಲಿ ತಯಾರಾದ ಪ್ರೋಟೀನಿನ ಆರಂಭದಲ್ಲಿ ಮೆಥಿಯೊನೀನ್ ಎಂಬ ಹೆಚ್ಚಿನ ಅಮೈನೊ ಆಮ್ಲವೊಂದು ಉಳಿದುಕೊಳ್ಳುವುದೂ ಉಂಟು. ಇನ್ನು ಈ ಪ್ರೋಟೀನು ಯಾರ ಮೇಲೆ ಕೆಲಸ ಮಾಡುತ್ತದೆಂಬುದನ್ನು ‘ಹ್ಯೂಮನ್’ ಹೇಳುತ್ತದೆಯೇ ಎಂದರೆ ಅದೂ ಇಲ್ಲ. ಮಾನವ ಇಂಟರ್‌ಲ್ಯೂಕಿನ್-2ರ ಸಾಮರ್ಥ್ಯವನ್ನು ಅಳೆಯಲು ವಾಡಿಕೆಯಾಗಿ ಬಳಸುವ ಸಿಟಿಎಲ್‌ಎಲ್-2 ಎಂಬುದು ಇಲಿಯ ಕೋಶಗಳ ಸಂತತಿ. ಅದು ಮೂಲವೂ ಅಲ್ಲ, ಗುರಿಯೂ ಅಲ್ಲ, ಸಂಪೂರ್ಣ ಸ್ವರೂಪವೂ ಅಲ್ಲ. ಅನುಕ್ರಮದ ಹೋಲಿಕೆಯೊಂದೇ ಆ ಪದದ ಅರ್ಥ.

ಲಿಪಿಯ ಒಂದು ಸಂಗತಿಯನ್ನೂ ಇಲ್ಲಿಯೇ ಹೇಳಬೇಕು. ಜೀನುಗಳ ಚಿಹ್ನೆಗಳನ್ನು ಬರೆಯುವಾಗ ಮಾನವ ಜೀನಿಗೆ ರೋಮನ್ ಲಿಪಿಯ ದೊಡ್ಡಕ್ಷರಗಳನ್ನೂ, ಇಲಿಯ ಜೀನಿಗೆ ಮೊದಲಕ್ಷರವನ್ನು ಮಾತ್ರ ದೊಡ್ಡದಾಗಿಯೂ ಬರೆಯುವುದು ಅಂತರರಾಷ್ಟ್ರೀಯ ವಾಡಿಕೆ. ಕನ್ನಡ ಲಿಪಿಯಲ್ಲಿ ದೊಡ್ಡಕ್ಷರ, ಚಿಕ್ಕಕ್ಷರಗಳ ಭೇದವಿಲ್ಲ. ‘ಐಎಲ್2’ ಎಂದು ಲಿಪ್ಯಂತರಿಸಿದೊಡನೆ ಮನುಷ್ಯನಿಗೂ ಇಲಿಗೂ ಇದ್ದ ವ್ಯತ್ಯಾಸ ಅಳಿಸಿಹೋಗುತ್ತದೆ. ಚಿಹ್ನೆಗಳನ್ನು ರೋಮನ್ ಲಿಪಿಯಲ್ಲಿಯೇ ಉಳಿಸಬೇಕೆಂದು 1961ರಲ್ಲಿ ಸ್ಥಾಪನೆಯಾದ ಕೇಂದ್ರದ ವೈಜ್ಞಾನಿಕ ಮತ್ತು ತಾಂತ್ರಿಕ ಶಬ್ದಾವಳಿ ಆಯೋಗ ಹೇಳುವುದಕ್ಕೆ ಇದು ಸಮರ್ಥನೆಯಾಗಬಹುದು. ಹಾಗೆ ಉಳಿಸದ ಕಡೆ, ಲಿಪಿ ಮಾಡುವ ಕೆಲಸವನ್ನು ‘ಮಾನವ’, ‘ಇಲಿ’ ಎಂಬ ಪದಗಳೇ ಮಾಡಬೇಕಾಗುತ್ತದೆ.

5. ‘ಇಂಟರ್‌ಲ್ಯೂಕಿನ್-2’: ಅರ್ಥವಿಲ್ಲದ ಹೆಸರಿನ ಅನುಕೂಲ

ವಿಶೇಷಣಗಳನ್ನು ಬಿಡಿಸಿ ಹೇಳಬೇಕೆಂದ ಮೇಲೆ ವಿಶೇಷ್ಯವನ್ನೂ ಬಿಡಿಸಬೇಕಲ್ಲವೇ? ‘ಇಂಟರ್’ ಎಂದರೆ ನಡುವೆ, ‘ಲ್ಯೂಕ್’ ಎಂದರೆ ಬಿಳಿ, ಬಿಳಿರಕ್ತಕಣಗಳ ನಡುವಿನದು. ‘ಬಿಳಿಕಣನಡುಕ’ ಎಂದೋ ‘ಅಂತರಶ್ವೇತಕ’ ಎಂದೋ ಕಟ್ಟಬಹುದು. ಕಟ್ಟಬಾರದೆಂಬುದು ನನ್ನ ನಿಲುವು. ಕಾರಣ ಈ ಹೆಸರಿನ ಚರಿತ್ರೆಯಲ್ಲಿಯೇ ಇದೆ.

1970ರ ದಶಕದಲ್ಲಿ ಒಂದೊಂದು ಪ್ರಯೋಗಾಲಯವೂ ತಾನು ಕಂಡ ಪರಿಣಾಮದಿಂದಲೇ ವಸ್ತುವಿಗೆ ಹೆಸರಿಡುತ್ತಿತ್ತು. ಒಂದೇ ಅಣುವಿಗೆ ಹಲವು ಹೆಸರುಗಳಾದವು. 1979ರಲ್ಲಿ ಸ್ವಿಟ್ಜರ್ಲೆಂಡಿನ ಎರ್ಮಾಟಿಂಗೆನ್‌ನಲ್ಲಿ ಸೇರಿದ ವಿಜ್ಞಾನಿಗಳು ಈ ಗೊಂದಲಕ್ಕೆ ಉತ್ತರವಾಗಿ ‘ಇಂಟರ್‌ಲ್ಯೂಕಿನ್’ ಎಂಬ ಹೆಸರನ್ನೂ ಅದಕ್ಕೊಂದು ಸಂಖ್ಯೆಯನ್ನೂ ಒಪ್ಪಿದರು. ‘ಬೆಳವಣಿಗೆಯ ಅಂಶ’ ಎಂಬ ವಿವರಣೆ ಹೋಗಿ ‘2’ ಬಂತು. ವಿವರಣೆಯಿಂದ ಸಂಖ್ಯೆಗೆ ಇಳಿಯುವುದು ಅರ್ಥದ ನಷ್ಟದಂತೆ ಕಾಣುತ್ತದೆ. ಮುಂದಿನ ಹದಿನೈದು ವರ್ಷಗಳಲ್ಲಿ ಆ ನಷ್ಟವೇ ಲಾಭವಾಯಿತು. ಇಂಟರ್‌ಲ್ಯೂಕಿನ್-2 ಇಲ್ಲದ ಇಲಿಗಳಲ್ಲಿ ರೋಗರಕ್ಷಣೆ ಬರಿದೆ ಕುಗ್ಗಬೇಕಿತ್ತು. 1993ರಲ್ಲಿ ವರದಿಯಾದಂತೆ ಅವುಗಳ ಕರುಳಿನಲ್ಲಿ ಉರಿಯೂತ ಕಾಣಿಸಿಕೊಂಡಿತು. ರೋಗರಕ್ಷಣೆಯನ್ನು ಹತೋಟಿಯಲ್ಲಿಡುವ ನಿಯಂತ್ರಕ ಟಿ ಕೋಶಗಳ ಉಳಿವಿಗೂ ಇದೇ ಪ್ರೋಟೀನು ಬೇಕೆಂಬುದು ಕ್ರಮೇಣ ತಿಳಿಯಿತು. ‘ಬೆಳವಣಿಗೆಯ ಅಂಶ’ವೆಂದೇ ಹೆಸರು ಉಳಿದಿದ್ದರೆ ಅದು ಅರ್ಧಸತ್ಯವನ್ನು ಸಾರುತ್ತಿತ್ತು. ‘2’ ಏನನ್ನೂ ಸಾರದ ಕಾರಣ ಏನನ್ನೂ ಹಿಂತೆಗೆದುಕೊಳ್ಳಬೇಕಾಗಲಿಲ್ಲ.

ಇದಕ್ಕೆ ವಿರುದ್ಧವಾದ ಉದಾಹರಣೆ ಟ್ಯೂಮರ್ ನೆಕ್ರೋಸಿಸ್ ಫ್ಯಾಕ್ಟರ್. 1975ರಲ್ಲಿ ಲಾಯ್ಡ್ ಓಲ್ಡ್ ಮತ್ತು ಸಂಗಡಿಗರು ಇಲಿಗಳ ಗೆಡ್ಡೆಗಳನ್ನು ಕೊಳೆಯಿಸುವ ಅಂಶವೆಂದು ಅದನ್ನು ಹೆಸರಿಸಿದರು. ದೇಹವನ್ನು ಕೃಶಗೊಳಿಸುವ ‘ಕೆಕೆಕ್ಟಿನ್’ ಎಂದು ಬ್ರೂಸ್ ಬಾಯ್ಟ್ಲರ್ ಮತ್ತು ಆಂಥೊನಿ ಸೆರಾಮಿ ಹೆಸರಿಸಿದ್ದ ಪ್ರೋಟೀನೂ ಅದೇ ಎಂದು 1985ರಲ್ಲಿ ತಿಳಿಯಿತು. ಇಂದು ಸಂಧಿವಾತದ ರೋಗಿಗಳಿಗೆ ಕೊಡುವ ಮುಖ್ಯ ಔಷಧಗಳಲ್ಲಿ ಕೆಲವು ಈ ಪ್ರೋಟೀನನ್ನು ತಡೆಯುವಂತಹವು. ಹೆಸರನ್ನು ನಾವು ನಿಷ್ಠೆಯಿಂದ ಕನ್ನಡಿಸಿದೆವೆನ್ನೋಣ. ಆಗ ಆ ರೋಗಿಯ ಕೈಗೆ ಬರುವ ಹಾಳೆಯಲ್ಲಿ, ಗೆಡ್ಡೆಯನ್ನು ನಾಶಮಾಡುವ ಅಂಶವನ್ನು ತಡೆಯುವ ಔಷಧವನ್ನು ನಿಮಗೆ ಕೊಡುತ್ತಿದ್ದೇವೆ ಎಂದಿರುತ್ತದೆ. ಗಾಬರಿಯಾಗದೆ ಅದನ್ನು ಓದುವವರು ಯಾರು? ಇಂಗ್ಲಿಷಿನ ಓದುಗನಿಗೆ ಸಂಕ್ಷೇಪಾಕ್ಷರಗಳ ಮರೆಯಲ್ಲಿ ಅಡಗಿದ್ದ ಹಳೆಯ ತಪ್ಪನ್ನು ಕನ್ನಡ ಅನುವಾದವು ಹೊಸದಾಗಿ ಬೆಳಕಿಗೆ ತಂದು ಸತ್ಯವೆಂಬಂತೆ ನಿಲ್ಲಿಸುತ್ತದೆ.

ಹೆಸರು ವರ್ಣಿಸುವುದಿಲ್ಲ, ಗುರುತಿಸುತ್ತದೆ ಎಂಬ ಜಾನ್ ಸ್ಟುವರ್ಟ್ ಮಿಲ್‌ನ ವಾದವೂ, ಅದನ್ನು ವಸ್ತುಪ್ರಭೇದಗಳ ಹೆಸರುಗಳಿಗೆ ವಿಸ್ತರಿಸಿದ ಸಾಲ್ ಕ್ರಿಪ್ಕಿಯ ಚಿಂತನೆಯೂ ಭಾಷಾವಿಜ್ಞಾನಿಗಳಿಗೆ ಪರಿಚಿತವೇ. ಕೆರೆ ಬತ್ತಿ ಬಡಾವಣೆಯಾದ ಮೇಲೂ ಊರಿನ ಹೆಸರಿನ ಕೊನೆಯಲ್ಲಿ ‘ಕೆರೆ’ ಉಳಿದಿರುತ್ತದೆ; ಅದರಿಂದ ಯಾರೂ ದಾರಿ ತಪ್ಪುವುದಿಲ್ಲ. ಇಂಟರ್‌ಲ್ಯೂಕಿನ್ನುಗಳನ್ನು ಬಿಳಿರಕ್ತಕಣಗಳಲ್ಲದ ಕೋಶಗಳೂ ತಯಾರಿಸುತ್ತವೆ ಎಂಬುದು ತಿಳಿದ ಮೇಲೂ ಆ ಹೆಸರು ಹಾಗೆಯೇ ನಡೆಯುತ್ತಿದೆ. ಆದರೆ ಅದನ್ನು ಇಂದು ಕನ್ನಡಕ್ಕೆ ಅನುವಾದಿಸುವುದೆಂದರೆ ಬತ್ತಿದ ಕೆರೆಗೆ ನೀರು ತುಂಬಿದಂತೆ. ಸತ್ತ ವ್ಯುತ್ಪತ್ತಿ ಮತ್ತೆ ಜೀವಂತ ಹೇಳಿಕೆಯಾಗುತ್ತದೆ.

ಇಲ್ಲಿ ಡಿ. ಎನ್. ಶಂಕರ ಭಟ್ಟರ ನಿಲುವನ್ನು ಎದುರಿಸದೆ ಮುಂದೆ ಹೋಗಲಾಗದು. ಕನ್ನಡದ್ದೇ ಪದ ಮತ್ತು ಪ್ರತ್ಯಯಗಳಿಂದ ಹೊಸ ಪದಗಳನ್ನು ಕಟ್ಟಬೇಕು, ಸಂಸ್ಕೃತದ ಸಿದ್ಧರೂಪಗಳು ಸಾಮಾನ್ಯ ಕನ್ನಡಿಗನಿಗೆ ಇಂಗ್ಲಿಷಿನಷ್ಟೇ ಅಪಾರದರ್ಶಕ ಎಂಬ ಅವರ ವಾದದಲ್ಲಿ ಬಲವಿದೆ. ‘ಪುನಸ್ಸಂಯೋಜಿತ’ದ ಬಗೆಗೆ ಮೇಲೆ ಹೇಳಿದ್ದು ಅದನ್ನು ಒಂದು ದಿಕ್ಕಿನಿಂದ ಪುಷ್ಟೀಕರಿಸುತ್ತದೆ. ಆದರೆ ಪಾರದರ್ಶಕತೆ ಎಲ್ಲೆಡೆಯೂ ಗುಣವಲ್ಲ. ವಿಧಾನ, ಮೂಲ, ಮಾದರಿ, ಉದ್ದೇಶಗಳೆಂಬ ಸಂಬಂಧಗಳನ್ನು ಹೇಳುವಲ್ಲಿ ಅದು ಅಗತ್ಯ. ತಿಳಿವಳಿಕೆ ಇನ್ನೂ ಬದಲಾಗುತ್ತಿರುವ ವಸ್ತುವಿನ ಹೆಸರಿನಲ್ಲಿ ಅದು ಹೊರೆ. ಭಟ್ಟರ ತತ್ತ್ವವನ್ನು ಪುಂಜದ ವಿಶೇಷಣಭಾಗಕ್ಕೆ ಅನ್ವಯಿಸಿ, ವಿಶೇಷ್ಯವನ್ನು ಎರವಲಾಗಿಯೇ ಬಿಡುವುದು ವಿವೇಕದ ಮಾರ್ಗವೆಂದು ತೋರುತ್ತದೆ.

6. ಸಂಕೇತವೋ ಸಂದೇಶವೋ

ಇಂತಹ ಪ್ರೋಟೀನುಗಳ ವರ್ಗವನ್ನು ಹೆಸರಿಸುವ ‘ಸಿಗ್ನಲಿಂಗ್’ ಎಂಬ ಪದಕ್ಕೆ ಕನ್ನಡದಲ್ಲಿ ಸಂದೇಶ, ಸೂಚನೆ, ಸಂಕೇತ ಎಂಬ ಮೂರು ಪದಗಳು ಸ್ಪರ್ಧಿಸುತ್ತವೆ. ‘ಸಂದೇಶ’ವೆಂದರೆ ಒಳಗೊಂದು ಒಕ್ಕಣೆ ಇರಬೇಕು, ‘ಸೂಚನೆ’ಯಲ್ಲಿ ಅಪ್ಪಣೆಯ ಧ್ವನಿಯಿದೆ. ಇಂಟರ್‌ಲ್ಯೂಕಿನ್-2ರ ಅಣುವಿನಲ್ಲಿ ‘ಬೆಳೆ’ ಎಂಬ ಅಪ್ಪಣೆಯಾಗಲಿ ‘ತಡೆ’ ಎಂಬ ಒಕ್ಕಣೆಯಾಗಲಿ ಇಲ್ಲ. ಅದೇ ಅಣುವಿಗೆ ಒಂದು ಕೋಶ ಹೋರಾಟವನ್ನು ಹೆಚ್ಚಿಸಿ, ಇನ್ನೊಂದು ಕೋಶ ಹೋರಾಟವನ್ನು ತಗ್ಗಿಸಿ ಉತ್ತರಿಸುತ್ತದೆ. ಅರ್ಥವು ಗ್ರಾಹಕ ಮತ್ತು ಕೋಶದ ಕಡೆಯಲ್ಲಿದೆ.

ಅಣುವಿಗೂ ಗ್ರಾಹಕಕ್ಕೂ ಇರುವುದು ಆಕಾರಗಳ ಹೊಂದಿಕೆ, ಅದು ಯಾದೃಚ್ಛಿಕವಲ್ಲ. ಆದರೆ ಅಂಟಿಕೊಂಡ ಅಣುವಿನ ರಸಾಯನಕ್ಕೂ ಆಮೇಲೆ ಕೋಶದಲ್ಲಿ ನಡೆಯುವ ಕ್ರಿಯೆಗೂ ಅನಿವಾರ್ಯವಾದ ರಾಸಾಯನಿಕ ಸಂಬಂಧವಿರಬೇಕಿಲ್ಲ. ಜೀವಕೋಶದ ನಿಯಂತ್ರಣದಲ್ಲಿ ಈ ಅನಿಬದ್ಧತೆಯನ್ನು ಜಾಕ್ ಮೊನೋ 1970ರ ತನ್ನ ಕೃತಿಯಲ್ಲಿ ಒತ್ತಿ ಹೇಳಿದ್ದಾನೆ. ಸೊಸ್ಯೂರ್‌ನ ಯಾದೃಚ್ಛಿಕತೆಯನ್ನು ಬಲ್ಲವರಿಗೆ ಇದು ನೆಂಟತನದ ಮಾತಾಗಿ ಕೇಳಿಸುತ್ತದೆ. ಶಬ್ದಾರ್ಥಗಳ ಸಂಬಂಧ ಸ್ವಾಭಾವಿಕವಲ್ಲ, ಸಂಕೇತದಿಂದ ಬಂದದ್ದೆಂದು ನೈಯಾಯಿಕರು ಹೇಳುವಾಗಿನ ‘ಸಂಕೇತ’ವೇ ಇಲ್ಲಿಗೂ ಹೆಚ್ಚು ಹೊಂದುತ್ತದೆ. ಒಡಂಬಡಿಕೆ ಮಾಡಿಕೊಂಡವರು ಇಲ್ಲಿ ಯಾರೂ ಇಲ್ಲವೆಂಬ ವ್ಯತ್ಯಾಸವನ್ನು ಮರೆಯಬಾರದು. ಆದರೂ ಮೂರರಲ್ಲಿ ಕಡಿಮೆ ತಪ್ಪು ಹೇಳುವ ಪದ ಇದೇ. ‘ರೋಗರಕ್ಷಣಾ ಸಂಕೇತ ಪ್ರೋಟೀನು’ ಎಂಬುದು ಆ ವರ್ಗಕ್ಕೆ ಒಪ್ಪುವ ಹೆಸರು.

7. ‘ಮಾತ್ರ’ದ ವ್ಯಾಪ್ತಿ

ಚೀಟಿಯ ಕೆಳಗಿನ ಸಾಲು ಸಂಶೋಧನೆಯ ಬಳಕೆಗೆ ಮಾತ್ರ ಎನ್ನುತ್ತದೆ. ಇಂಗ್ಲಿಷಿನಲ್ಲಿ ಅದಕ್ಕೆ ಕ್ರಿಯಾಪದವಿಲ್ಲ, ಕರ್ತೃವಿಲ್ಲ. ಅದು ವಸ್ತುವಿನ ವರ್ಣನೆಯೋ ಬಳಸುವವನಿಗೆ ಹಾಕಿದ ನಿಷೇಧವೋ ಎಂಬುದು ವ್ಯಾಕರಣದಿಂದ ತಿಳಿಯದು. ಅಮೆರಿಕದ ನಿಯಮಗಳು ಸಂಶೋಧನೆಯ ಹಂತದಲ್ಲಿರುವ ರೋಗನಿರ್ಣಯ ಸಾಮಗ್ರಿಗಳ ಮೇಲೆ ಈ ಸಾಲಿನೊಡನೆ, ರೋಗನಿರ್ಣಯಕ್ಕೆ ಬಳಸತಕ್ಕದ್ದಲ್ಲ ಎಂಬ ಎರಡನೆಯ ಸಾಲನ್ನೂ ಕಡ್ಡಾಯಗೊಳಿಸಿವೆ. ಮೊದಲ ಸಾಲಿನ ಧ್ವನಿತಾರ್ಥವನ್ನು ಎರಡನೆಯದು ವಾಚ್ಯಾರ್ಥವಾಗಿಸುತ್ತದೆ.

ಕನ್ನಡದಲ್ಲಿ ‘ಮಾತ್ರ’ವು ತನ್ನ ಹಿಂದಿನ ಪದವನ್ನು ಹಿಡಿದು ನಿಲ್ಲುತ್ತದೆ. ‘ಸಂಶೋಧನೆಗೆ ಮಾತ್ರ ಬಳಸಬಹುದು’ ಎಂದರೆ ಉಳಿದ ಉದ್ದೇಶಗಳು ಹೊರಗುಳಿಯುತ್ತವೆ. ವ್ಯಾಪ್ತಿಯ ದೃಷ್ಟಿಯಿಂದ ಇದು ಇಂಗ್ಲಿಷಿಗಿಂತ ಸ್ಪಷ್ಟ. ತೊಡಕಿರುವುದು ‘ಸಂಶೋಧನೆ’ ಎಂಬ ಪದದಲ್ಲಿ. ಆಸ್ಪತ್ರೆಯಲ್ಲಿ ರೋಗಿಯ ಮೇಲೆ ಔಷಧವನ್ನು ಪರೀಕ್ಷಿಸುವುದೂ ಕನ್ನಡದಲ್ಲಿ ಸಂಶೋಧನೆಯೇ. ಭಾರತದಲ್ಲಿ ಇಂತಹ ಪರೀಕ್ಷೆಗೆ ಒಳಗಾಗುವವರಿಗೆ ಅವರಿಗೆ ಅರ್ಥವಾಗುವ ಭಾಷೆಯಲ್ಲಿ ತಿಳಿಸಿ ಒಪ್ಪಿಗೆ ಪಡೆಯಬೇಕೆಂದು 2019ರ ಹೊಸ ಔಷಧ ಮತ್ತು ಕ್ಲಿನಿಕಲ್ ಟ್ರಯಲ್ ನಿಯಮಗಳು ಹೇಳುತ್ತವೆ. ಅಂತಹ ಒಪ್ಪಿಗೆಪತ್ರವನ್ನು ಓದಿದವನ ಕಣ್ಣಿಗೆ ಸೀಸೆಯ ಸಾಲು ನಿಷೇಧವಾಗಿ ಕಾಣದೆ ಅನುಮತಿಯಾಗಿಯೇ ಕಂಡರೆ ಆಶ್ಚರ್ಯವಿಲ್ಲ.

ಈ ನಿಷೇಧ ಔಪಚಾರಿಕವಾದದ್ದಲ್ಲ. ಇಂಟರ್‌ಲ್ಯೂಕಿನ್-2ರ ಔಷಧರೂಪವು ರಕ್ತನಾಳಗಳಿಂದ ದ್ರವ ಸೋರುವಂತಹ ಗಂಭೀರ ಪರಿಣಾಮಗಳನ್ನು ಉಂಟುಮಾಡಬಲ್ಲದು. 1992ರಲ್ಲಿ ಅಮೆರಿಕದಲ್ಲಿ ಮೂತ್ರಪಿಂಡದ ಕ್ಯಾನ್ಸರಿಗೆ ಅನುಮತಿ ಪಡೆದ ಆ ರೂಪಕ್ಕೆ ಬೇರೆಯೇ ಹೆಸರಿದೆ: ಆಲ್ಡೆಸ್‌ಲ್ಯೂಕಿನ್. ಅದರಲ್ಲಿ ಮೊದಲ ಅಮೈನೊ ಆಮ್ಲವನ್ನು ಕೈಬಿಟ್ಟು, 125ನೆಯದನ್ನು ಬದಲಿಸಲಾಗಿದೆ. ಔಷಧದ ಹೆಸರಿನಲ್ಲಿ ‘ಹ್ಯೂಮನ್’ ಇಲ್ಲ. ಮನುಷ್ಯರಿಗೆ ಕೊಡಬಾರದ ಸೀಸೆಯ ಮೇಲೆ ಅದು ಇದೆ. ಮನುಷ್ಯರಿಗೆ ಕೊಡುವಂಥದ್ದು ಯಾವುದೆಂದು ಈ ಎರಡು ಹೆಸರುಗಳನ್ನಷ್ಟೇ ನೋಡಿ ಊಹಿಸಲು ಹೊರಟವನು ತಪ್ಪಾದ ಸೀಸೆಯನ್ನೇ ಎತ್ತಿಕೊಳ್ಳುತ್ತಾನೆ.

8. ಸಮಾರೋಪ

ಪ್ರಯೋಗಾಲಯದವರು ಇಂಗ್ಲಿಷನ್ನೇ ಓದುತ್ತಾರೆ, ಅವರಿಗೆ ಗೊಂದಲವಿಲ್ಲ, ಹೀಗಿರುವಾಗ ಈ ಶ್ರಮ ಯಾರಿಗಾಗಿ ಎಂಬ ಆಕ್ಷೇಪ ಬರಬಹುದು. ಅವರಿಗೆ ಗೊಂದಲವಿಲ್ಲದಿರುವುದು ಹೆಸರು ಸ್ಪಷ್ಟವಾಗಿರುವುದರಿಂದಲ್ಲ. ಹೆಸರು ಹೇಳದೆ ಬಿಟ್ಟದ್ದನ್ನು ಅವರು ಬೇರೆಡೆ ಕಲಿತಿರುವುದರಿಂದ. ಕನ್ನಡದಲ್ಲಿ ಒಪ್ಪಿಗೆಪತ್ರ ಓದುವ ರೋಗಿಗೆ, ಕನ್ನಡದಲ್ಲಿಯೇ ಜೀವವಿಜ್ಞಾನವನ್ನು ಮೊದಲು ಕಾಣುವ ವಿದ್ಯಾರ್ಥಿಗೆ ಆ ‘ಬೇರೆಡೆ’ ಇಲ್ಲ. ಅವರಿಗೆ ಪಠ್ಯವೇ ಎಲ್ಲ.

ಪದಪುಂಜದ ವಿಗ್ರಹದಿಂದ ದೊರೆತದ್ದನ್ನು ಹೀಗೆ ಕ್ರೋಡೀಕರಿಸಬಹುದು. ಹೆಸರಾಗಿ: ‘ಮರುಜೋಡಣೆ ವಿಧಾನದ ಮಾನವ ಇಂಟರ್‌ಲ್ಯೂಕಿನ್-2’. ಮೊದಲ ಪ್ರಯೋಗದಲ್ಲಿ ವಿವರಣೆಯಾಗಿ: ‘ಮಾನವ ಜೀನಿನ ಅನುಕ್ರಮವನ್ನು ಅನುಸರಿಸಿ, ಡಿಎನ್‌ಎ ಮರುಜೋಡಣೆಯ ವಿಧಾನದಿಂದ ಬ್ಯಾಕ್ಟೀರಿಯದಲ್ಲಿ ತಯಾರಿಸಿದ ಇಂಟರ್‌ಲ್ಯೂಕಿನ್-2, ಯಾವ ಮನುಷ್ಯರ ದೇಹದಿಂದಲೂ ತೆಗೆದದ್ದಲ್ಲ’. ನಿರ್ಬಂಧವಾಗಿ: ‘ಪ್ರಯೋಗಾಲಯದ ಸಂಶೋಧನೆಗೆ ಮಾತ್ರ ಬಳಸಬಹುದು. ಮನುಷ್ಯರಿಗೆ ಕೊಡಬಾರದು, ರೋಗನಿರ್ಣಯಕ್ಕೆ ಬಳಸಬಾರದು’. ಇವು ಮೂಲಕ್ಕಿಂತ ಉದ್ದವೆಂಬುದು ನಿಜ. ಆದರೆ ಹೆಚ್ಚಾದ ಪ್ರತಿಯೊಂದು ಪದವೂ ಮೂಲವು ಓದುಗನ ಊಹೆಗೆ ಬಿಟ್ಟಿದ್ದ ಒಂದು ಸಂಬಂಧಕ್ಕೆ ಸಲ್ಲುತ್ತದೆ.

ಪಾರಿಭಾಷಿಕ ಪದಕೋಶಗಳನ್ನು ರಚಿಸುವ ಸಮಿತಿಗಳು ಪದಕ್ಕೆ ಪದ ಕೊಡುವುದರ ಜೊತೆಗೆ, ಪುಂಜಗಳಿಗೆ ವಿಗ್ರಹವಾಕ್ಯವನ್ನೂ ಕೊಡುವ ಪದ್ಧತಿಯನ್ನು ಆರಂಭಿಸಿದರೆ ಈ ಕೆಲಸ ಬಹುಮಟ್ಟಿಗೆ ಸುಗಮವಾಗುತ್ತದೆ. ಅದಕ್ಕೆ ಬೇಕಾದ ವ್ಯಾಕರಣ ನಮ್ಮಲ್ಲಿ ಹಿಂದಿನಿಂದಲೂ ಇದೆ. ಅದನ್ನು ಕಾವ್ಯದ ಸಮಾಸಗಳಿಗೆ ಅನ್ವಯಿಸಿದಷ್ಟೇ ಶ್ರದ್ಧೆಯಿಂದ ಔಷಧದ ಸೀಸೆಗೂ ಅನ್ವಯಿಸಬೇಕಾಗಿದೆ.